ಗಡಸು ನೀರಿನ ಈಜುಕೊಳಕ್ಕೆ ಯುವಿ ದೀಪ: ಅಳತೆ, ಜೋಡಣೆ, ತೊಳೆಯುವ ಕ್ರಮ

ವಿಜಯಪುರ, ಬಾಗಲಕೋಟೆ ಕಡೆ ಬೋರ್ ನೀರಿನಿಂದ ತುಂಬಿಸುವ ಈಜುಕೊಳಗಳೇ ಜಾಸ್ತಿ. ಗೀಜರ್ ಕಾಯಿಲ್‌ಗೆ ಬಿಳಿ ಸುಣ್ಣ ಕಟ್ಟುವ ಈ ನೀರು ಯುವಿ (ನೇರಳಾತೀತ ಕಿರಣ) ದೀಪದ ಸುತ್ತಲಿನ ಗಾಜಿಗೂ ಹಾಗೆಯೇ ಕಟ್ಟುತ್ತದೆ. ದೀಪ ಉರಿಯುತ್ತಲೇ ಇರುತ್ತದೆ, ಆದರೆ ಕಿರಣ ನೀರಿಗೆ ತಲುಪುವುದಿಲ್ಲ. ಬೆಳಗಾವಿ ನಗರಕ್ಕೆ ರಕ್ಕಸಕೊಪ್ಪ ಜಲಾಶಯದಿಂದ ಬರುವ ನೀರಿನಲ್ಲಿ ಈ ಕಾಟ ಕಡಿಮೆ. ಬೋರ್ ನೀರಿನವರು ಯಂತ್ರ ಕೊಳ್ಳುವ ಮುಂಚೆಯೇ ಅದನ್ನು ತೊಳೆಯುವ ವ್ಯವಸ್ಥೆ ಯೋಚಿಸಬೇಕು.

ಯುವಿಯ ಕೆಲಸ ಎಷ್ಟು, ಎಲ್ಲಿಯವರೆಗೆ

ಲೋ ಪ್ರೆಷರ್ (ಒಳಗಿನ ಪಾದರಸದ ಆವಿಯ ಒತ್ತಡ ಕಡಿಮೆ ಇರುವ) ದೀಪ ಕೊಡುವ 254 ನ್ಯಾನೋಮೀಟರ್ ಕಿರಣ ರೋಗಾಣುಗಳ ಡಿಎನ್‌ಎಯನ್ನು ಕೆಡಿಸುತ್ತದೆ. ಅವು ಮತ್ತೆ ಬೆಳೆಯಲಾರವು. ಭೇದಿ ತರುವ ಕ್ರಿಪ್ಟೋಸ್ಪೊರಿಡಿಯಂ 1 ಪಿಪಿಎಂ (ಲೀಟರಿಗೆ 1 ಮಿಲಿಗ್ರಾಂ) ಕ್ಲೋರಿನ್ ಇರುವ ನೀರಿನಲ್ಲಿ 10 ದಿನಕ್ಕೂ ಹೆಚ್ಚು ಬದುಕಬಲ್ಲದು, ಆದರೆ ಯುವಿಗೆ ಕೆಲವೇ ಸೆಕೆಂಡುಗಳಲ್ಲಿ ಸೋಲುತ್ತದೆ. ಸಣ್ಣ ಮಕ್ಕಳು ಇಳಿಯುವ ಶಾಲೆ, ರೆಸಾರ್ಟ್, ಅಪಾರ್ಟ್‌ಮೆಂಟ್ ಕೊಳಗಳಿಗೆ ಯುವಿ ಬೇಕು ಅನ್ನುವುದು ಇದೇ ಕಾರಣಕ್ಕೆ.

ಆದರೆ ಯುವಿ ಕೆಲಸ ಮಾಡುವುದು ದೀಪ ಕೂರಿಸಿದ ಚೇಂಬರ್ ಒಳಗೆ ಹಾಯುವ ನೀರಿನ ಮೇಲೆ ಮಾತ್ರ. ಕೊಳದ ಗೋಡೆಯ ಪಾಚಿ, ಮೆಟ್ಟಿಲ ಸಂದಿಯ ಲೋಳೆ ಅದಕ್ಕೆ ಸಿಗುವುದಿಲ್ಲ. ಈಗಷ್ಟೇ ಇಳಿದವರ ಮೈಯಿಂದ ಬಂದ ರೋಗಾಣುವನ್ನು ಅಲ್ಲಿಯೇ ಕೊಲ್ಲುವುದು ಕ್ಲೋರಿನ್. "ಯುವಿ ಇದ್ದರೆ ಕ್ಲೋರಿನ್ ಬೇಡ" ಎಂದು ಮಾರುವವರ ಮಾತು ನಂಬಬೇಡಿ. ಫ್ರೀ ಕ್ಲೋರಿನ್ (ಇನ್ನೂ ಬಳಕೆಯಾಗದೆ ಕೆಲಸಕ್ಕೆ ಸಿಗುವ ಕ್ಲೋರಿನ್) 1ರಿಂದ 3 ಪಿಪಿಎಂ ಯಾವಾಗಲೂ ಇರಲಿ. ಕ್ಲೋರಿನನ್ನು ಬಿಸಿಲಿನಿಂದ ಕಾಪಾಡಲು ಸಯನ್ಯೂರಿಕ್ ಆಸಿಡ್ ಹಾಕಿದ ಕೊಳದಲ್ಲಿ 2ಕ್ಕಿಂತ ಇಳಿಯಬಾರದು.

ಯಾವ ಗಾತ್ರದ ಯಂತ್ರ

10 ಮೀಟರ್ ಉದ್ದ, 5 ಮೀಟರ್ ಅಗಲ, ಸರಾಸರಿ 1.4 ಮೀಟರ್ ಆಳದ ಕೊಳದಲ್ಲಿ 70,000 ಲೀಟರ್ ನೀರು ಹಿಡಿಯುತ್ತದೆ. ಅಷ್ಟೂ ನೀರು 6 ತಾಸಿಗೊಮ್ಮೆ ತಿರುಗಬೇಕಾದರೆ ತಾಸಿಗೆ ಸುಮಾರು 11,700 ಲೀಟರ್, 4 ತಾಸಿಗೊಮ್ಮೆಯಾದರೆ 17,500 ಲೀಟರ್ ಹರಿಯಬೇಕು. ಯುವಿ ಆರಿಸುವುದು ಈ ಹರಿವಿನ ಲೆಕ್ಕದಲ್ಲಿ. ಕೊಳದ ಲೀಟರ್ ಲೆಕ್ಕವಾಗಲಿ, ಪಂಪಿನ ಎಚ್‌ಪಿ ಆಗಲಿ ಇಲ್ಲಿ ಸಾಲದು.

ಮಾರುವವರಿಗೆ ಎರಡು ಪ್ರಶ್ನೆ ಕೇಳಿ. ನಮ್ಮ ಹರಿವಿಗೆ ಪ್ರತಿ ಚದರ ಸೆಂಟಿಮೀಟರಿಗೆ ಎಷ್ಟು ಮಿಲಿಜೂಲ್ ಸಿಗುತ್ತದೆ? ಅದು ಹೊಸ ದೀಪದ ಲೆಕ್ಕವೋ, ಆಯಸ್ಸು ಮುಗಿಯುವ ಹೊತ್ತಿನ ದೀಪದ ಲೆಕ್ಕವೋ? ರೋಗಾಣುಗಳಿಗೆ 40 ಮಿಲಿಜೂಲ್, ಕ್ಲೋರಮೈನ್ (ಬೆವರು, ಮೂತ್ರದೊಂದಿಗೆ ಕ್ಲೋರಿನ್ ಸೇರಿ ಆಗುವ ವಸ್ತು) ಒಡೆಯುವುದಕ್ಕೂ ಬೇಕೆಂದರೆ 60 ಹಿಡಿಯಿರಿ. ಹರಿವು ಎರಡು ಪಟ್ಟಾದರೆ ಡೋಸ್ ಅರ್ಧಕ್ಕಿಳಿಯುತ್ತದೆ. ಕಣ್ಣು ಉರಿಸುವ ಆ ಕ್ಲೋರಮೈನ್ ವಾಸನೆಯ ತೊಂದರೆ ಹೆಚ್ಚಾಗಿ ಸೂರು ಇರುವ ಕೊಳಗಳದು. ಅಲ್ಲಿ ಮೀಡಿಯಂ ಪ್ರೆಷರ್ ದೀಪಕ್ಕೆ ಹಣ ಹಾಕುವುದು ಸರಿ. ಬಯಲಿನ ಕೊಳಕ್ಕೆ ಲೋ ಪ್ರೆಷರ್ ಸಾಕು.

ಒಂದು ಸುತ್ತಿನಲ್ಲಿ ಎಲ್ಲ ನೀರೂ ಯುವಿ ಕಾಣುವುದಿಲ್ಲ. ಶುದ್ಧವಾದ ನೀರು ಕೊಳದ ನೀರಿನೊಂದಿಗೆ ಬೆರೆಯುತ್ತಲೇ ಇರುವುದರಿಂದ ಒಂದು ಸುತ್ತಿಗೆ ಸುಮಾರು 63%, ಮೂರು ಸುತ್ತಿಗೆ 95% ಮುಗಿಯುತ್ತದೆ. ಹಾಗಾಗಿ ಪಂಪನ್ನು ದಿನಕ್ಕೆ 2 ತಾಸು ಓಡಿಸಿ ಯುವಿಯಿಂದ ಫಲ ನಿರೀಕ್ಷಿಸಬೇಡಿ.

ಜೋಡಣೆ

ಪಂಪ್, ಸ್ಯಾಂಡ್ ಫಿಲ್ಟರ್, ಯುವಿ, ಕೊನೆಗೆ ಕ್ಲೋರಿನ್ ಡೋಸಿಂಗ್. ಈ ಕ್ರಮ ತಪ್ಪಬಾರದು. ಬೇಸಿಗೆ ಗಾಳಿಗೆ ಎರಿ ಹೊಲದ ಧೂಳು ಕೊಳಕ್ಕೆ ಬೀಳುತ್ತದೆ. ಮಣ್ಣಿನ ಕಣದ ಮರೆಯಲ್ಲಿರುವ ರೋಗಾಣುವಿಗೆ ಕಿರಣ ತಾಗದು, ಅದಕ್ಕೇ ಫಿಲ್ಟರ್ ಮೊದಲು. ಕ್ಲೋರಿನ್ ಕೊನೆಗೆ ಏಕೆಂದರೆ ಯುವಿ ಅದನ್ನೂ ಒಡೆಯುತ್ತದೆ.

ಮೂರು ವಾಲ್ವ್ ಹಾಕಿ ಬೈಪಾಸ್ ಮಾಡಿಸಿ, ಇಲ್ಲವಾದರೆ ತೊಳೆಯುವಾಗಲೆಲ್ಲ ಕೊಳ ನಿಲ್ಲಿಸಬೇಕಾಗುತ್ತದೆ. ದೀಪವನ್ನು ನೇರ ಹೊರಗೆಳೆಯಲು ಅದರ ಉದ್ದದಷ್ಟೇ ಖಾಲಿ ಜಾಗ ಬಿಡಿ. ಪಂಪ್ ರೂಮ್ ಕಟ್ಟುವಾಗ ಎಲ್ಲರೂ ಮರೆಯುವುದು ಇದನ್ನೇ. ಚೇಂಬರ್‌ನಲ್ಲಿ ಗಾಳಿ ನಿಲ್ಲದೆ ಸದಾ ನೀರು ತುಂಬಿರಬೇಕು. ನೀರು ನಿಂತರೆ ದೀಪ ಆರುವಂತೆ ಫ್ಲೋ ಸ್ವಿಚ್, ಕರೆಂಟ್ ಸೋರಿದರೆ ತಾನೇ ಬಂದ್ ಮಾಡುವ 30 ಮಿಲಿಆಂಪಿಯರ್ ಆರ್‌ಸಿಸಿಬಿ, ಸರಿಯಾದ ಅರ್ಥಿಂಗ್ ಕಡ್ಡಾಯ. ಕರೆಂಟ್ ಪದೇ ಪದೇ ಹೋಗಿ ಬರುವ ಕಡೆ ಡಿಲೇ ಟೈಮರ್ ಹಾಕಿಸಿ. ಆನ್ ಆಫ್ ಜಾಸ್ತಿಯಾದಷ್ಟೂ ದೀಪದ ಆಯಸ್ಸು ಕಡಿಮೆ.

ಸ್ಲೀವ್ ತೊಳೆಯುವುದು

ದೀಪದ ಸುತ್ತ ಕ್ವಾರ್ಟ್ಜ್ ಸ್ಲೀವ್ (ಪಾರದರ್ಶಕ ಕೊಳವೆ) ಇರುತ್ತದೆ. ಮಾಮೂಲಿ ಗಾಜು 254 ನ್ಯಾನೋಮೀಟರ್ ಕಿರಣವನ್ನು ತಡೆಯುವುದರಿಂದ ಕ್ವಾರ್ಟ್ಜೇ ಬೇಕು. ಸ್ಲೀವ್ ಬೆಚ್ಚಗಿರುತ್ತದೆ, ಬಿಸಿಯಾದಷ್ಟೂ ನೀರಿನ ಕ್ಯಾಲ್ಸಿಯಂ ಕಾರ್ಬೊನೇಟ್ ಗಟ್ಟಿಯಾಗಿ ಕೂರುತ್ತದೆ. ಬೋರ್ ನೀರಿನ ಕೊಳದಲ್ಲಿ ಮೊದಲ ತಿಂಗಳು ಮುಗಿದ ಕೂಡಲೇ ಒಮ್ಮೆ ಬಿಚ್ಚಿ ನೋಡಿ. ಎಷ್ಟು ಕಟ್ಟಿದೆ ಎಂಬುದರ ಮೇಲೆ ಮುಂದಿನ ಅವಧಿ ನಿರ್ಧರಿಸಿ.

ಮೇನ್ ಸ್ವಿಚ್ ಬಂದ್ ಮಾಡಿ, ದೀಪ ತಣ್ಣಗಾಗಲು 15 ನಿಮಿಷ ಬಿಡಿ. ಬೈಪಾಸ್ ತೆರೆದು, ಯುವಿಯ ಎರಡೂ ವಾಲ್ವ್ ಮುಚ್ಚಿ ಚೇಂಬರ್ ನೀರು ಇಳಿಸಿ. ಹತ್ತಿ ಕೈಗವಸು ಹಾಕಿಕೊಂಡು ಮೊದಲು ದೀಪ, ಆಮೇಲೆ ಸ್ಲೀವ್ ಹೊರತೆಗೆಯಿರಿ. 1 ಲೀಟರ್ ಒಳ್ಳೆಯ ನೀರಿಗೆ 50 ಗ್ರಾಂ ಸಿಟ್ರಿಕ್ ಆಸಿಡ್ ಪುಡಿ ಕರಗಿಸಿ ಸ್ಲೀವನ್ನು ಅರ್ಧ ತಾಸು ನೆನೆಸಿ. ಸುಣ್ಣ ಇದ್ದರೆ ಸಣ್ಣ ಗುಳ್ಳೆ ಏಳುತ್ತವೆ. ಗುಳ್ಳೆ ನಿಂತ ಮೇಲೆ ಮೆತ್ತನೆ ಬಟ್ಟೆಯಿಂದ ಒರೆಸಿ, ಚೆನ್ನಾಗಿ ತೊಳೆಯಿರಿ. ಕೆರೆಯುವ ಸ್ಕ್ರಬ್ಬರ್ ಬೇಡ, ಗೀರು ಬಿದ್ದಲ್ಲಿ ಸುಣ್ಣ ಮತ್ತೆ ಬೇಗ ಹಿಡಿಯುತ್ತದೆ. ಕೈಬೆರಳಿನ ಜಿಡ್ಡು ತಾಗಿದ್ದರೆ ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ಒರೆಸಿ. ಓ-ರಿಂಗ್ ಚಪ್ಪಟೆಯಾಗಿದ್ದರೆ ಹೊಸದು ಹಾಕಿ. ನಟ್ಟನ್ನು ಕೈಯಿಂದಲೇ ಬಿಗಿ ಮಾಡಿ, ಪಾನಾ ಹಾಕಿದರೆ ಸ್ಲೀವ್ ಸೀಳುತ್ತದೆ. ದೀಪ ಸೇರಿಸುವ ಮುಂಚೆ ನೀರು ಬಿಟ್ಟು ಸೋರಿಕೆ ನೋಡಿ.

ಆಸಿಡ್ ಇರುವ ಬಕೆಟ್ ಹತ್ತಿರ ಹೈಪೊ (ಸೋಡಿಯಂ ಹೈಪೊಕ್ಲೋರೈಟ್ ದ್ರಾವಣ) ಅಥವಾ ಬ್ಲೀಚಿಂಗ್ ಪೌಡರ್ ತರಲೇಬಾರದು. ಎರಡು ಸೇರಿದರೆ ಕ್ಲೋರಿನ್ ಗ್ಯಾಸ್ ಏಳುತ್ತದೆ, ಬಾಗಿಲು ಮುಚ್ಚಿದ ಪಂಪ್ ರೂಮಿನಲ್ಲಿ ಅದು ಪ್ರಾಣಕ್ಕೇ ಅಪಾಯ.

ಸುಣ್ಣ ಕಡಿಮೆ ಕಟ್ಟಲು

ಪಿಎಚ್ 7.2ರಿಂದ 7.4ರ ನಡುವೆ, ಆಲ್ಕಲಿನಿಟಿ 80ರಿಂದ 120 ಪಿಪಿಎಂ ಇರಲಿ. ಕ್ಯಾಲ್ಸಿಯಂ ಗಡಸುತನ 400 ಪಿಪಿಎಂ ದಾಟಬಾರದು. ಬೇಸಿಗೆಯಲ್ಲಿ ನೀರು ಆವಿಯಾಗುತ್ತದೆ, ಕ್ಯಾಲ್ಸಿಯಂ ಅಲ್ಲೇ ಉಳಿಯುತ್ತದೆ. ಮೇಲಿಂದ ಮತ್ತೆ ಬೋರ್ ನೀರು ಹಾಕಿದಾಗ ಇನ್ನಷ್ಟು ಸೇರುತ್ತದೆ. ಅದಕ್ಕೆ ಆಗಾಗ ಒಂದಷ್ಟು ನೀರು ಹೊರಹಾಕಿ ಮೆದು ನೀರು ತುಂಬಿಸದೆ ಬೇರೆ ದಾರಿ ಇಲ್ಲ. ಬ್ಲೀಚಿಂಗ್ ಪೌಡರ್ ಸುಣ್ಣವನ್ನೂ ಜೊತೆಗೇ ತರುವುದರಿಂದ ಯುವಿ ಇರುವ ಕೊಳಕ್ಕೆ ದ್ರವ ಹೈಪೊ ಮೇಲು. 70,000 ಲೀಟರ್ ನೀರಿಗೆ 1 ಪಿಪಿಎಂ ಏರಿಸಲು 10% ಹೈಪೊ ಸುಮಾರು 700 ಮಿಲಿಲೀಟರ್ ಬೇಕು. ಹೈಪೊ ಪಿಎಚ್ ಏರಿಸುತ್ತದೆ, ಹಾಗಾಗಿ ಪಿಎಚ್ ದಿನಾ ನೋಡಿ.

ಕೆಟ್ಟಾಗ

ನೀಲಿ ಬೆಳಕು ಕಂಡರೆ ದೀಪ ಸರಿ ಇದೆ ಅಂದುಕೊಳ್ಳಬೇಡಿ. ಕಣ್ಣಿಗೆ ಕಾಣದ ಯುವಿ ಮೊದಲು ಇಳಿಯುತ್ತದೆ, ನೀಲಿ ಹಾಗೇ ಇರುತ್ತದೆ. ಅವರ್ ಮೀಟರ್ 9,000 ತಾಸು ತೋರಿಸಿದಾಗ ಲೋ ಪ್ರೆಷರ್ ದೀಪ ಬದಲಿಸಿ. ಸೆನ್ಸರ್ ರೀಡಿಂಗ್ ಇಳಿದಿದ್ದರೆ ಮೊದಲು ಸ್ಲೀವ್ ತೊಳೆದು ನೋಡಿ. ಆಗಲೂ ಏರದಿದ್ದರೆ ದೀಪ. ಹೊಸ ದೀಪವೂ ಹೊತ್ತದಿದ್ದರೆ ದೀಪಕ್ಕೆ ಕರೆಂಟ್ ಕೊಡುವ ಬ್ಯಾಲಸ್ಟ್ ಕೆಟ್ಟಿದೆ. ಟೋಟಲ್ ಕ್ಲೋರಿನ್ 2.0, ಫ್ರೀ 1.4 ಬಂದರೆ 0.6 ಕಂಬೈನ್ಡ್ (ಕ್ಲೋರಮೈನ್ ಆಗಿರುವ ಕ್ಲೋರಿನ್) ಎಂದರ್ಥ, ಅದು 0.4ಕ್ಕಿಂತ ಕಡಿಮೆ ಇರಬೇಕು. ಉರಿಯುವ ದೀಪವನ್ನು ಬರಿಗಣ್ಣಿನಿಂದ ನೋಡಬೇಡಿ. ದೀಪದೊಳಗೆ ಪಾದರಸ ಇರುತ್ತದೆ: ಒಡೆದರೆ ಕಸಬರಿಗೆ ಹಚ್ಚದೆ, ಕಿಟಕಿ ತೆರೆದು, ಕೈಗವಸು ಹಾಕಿ ದಪ್ಪ ಕಾಗದದಿಂದ ಚೂರು ಎತ್ತಿ, ಮುಚ್ಚಳದ ಡಬ್ಬಿಗೆ ಹಾಕಿ ಇ-ತ್ಯಾಜ್ಯದವರಿಗೆ ಕೊಡಿ. ಒಡೆದದ್ದು ಚೇಂಬರ್ ಒಳಗಾದರೆ ಪಂಪ್ ತಕ್ಷಣ ನಿಲ್ಲಿಸಿ, ವಾಲ್ವ್ ಮುಚ್ಚಿ, ಕೊಳದಲ್ಲಿರುವವರನ್ನು ಮೇಲೆ ಕರೆಯಿರಿ.