ಕೊನೆಗೂ ಬೆಳಗಿನ ಬಡಿತ ನಿಂತಿತು: ಬಯೋಡೀಸೆಲ್ ಜೊತೆ ನನ್ನ ಅನುಭವ

ಪೂರ್ತಿ ಬಯೋಡೀಸೆಲ್ (ಅಡುಗೆ ಎಣ್ಣೆಯಿಂದ ಮಾಡುವ ಡೀಸೆಲ್) ಹಾಕಿದರೆ ತಣ್ಣಗಿರುವ ಎಂಜಿನ್ ಹಿಡಿಯುವುದೇ ಇಲ್ಲ ಅಂತ ಎಲ್ಲರೂ ಹೇಳುತ್ತಿದ್ದರು. ನನ್ನ 5 ಎಚ್‌ಪಿ ಸಿಂಗಲ್ ಸಿಲಿಂಡರ್ ಎಂಜಿನ್ ಅದರಲ್ಲೇ ಸುಮಾರು 600 ಗಂಟೆ ಓಡಿದೆ. ಬೆಳಿಗ್ಗೆ ಹ್ಯಾಂಡಲ್ ಎರಡು ಸುತ್ತು ಹೊಡೆದರೆ ಸಾಕು. ಕರಿದುಳಿದ ಎಣ್ಣೆಗೆ ಮೆಥನಾಲ್ ಮತ್ತು ಕೆಒಎಚ್ (ಒಂದು ಕ್ಷಾರ) ಸೇರಿಸಿದರೆ ಎಣ್ಣೆ ಎಸ್ಟರ್ ಅನ್ನುವ ತೆಳು ಇಂಧನವಾಗುತ್ತದೆ, ಗ್ಲಿಸರಿನ್ ತಳಕ್ಕೆ ಇಳಿಯುತ್ತದೆ. ಆ ಎಸ್ಟರೇ ಬಯೋಡೀಸೆಲ್. ಮಾಡುವ ವಿವರ ಬಿಟ್ಟು ಮುಂದೆ ಹೋಗುತ್ತೇನೆ.

ಮೊದಲ ವರ್ಷ ಬರೀ ನಷ್ಟ. ಹ್ಯಾಂಡಲ್ ಹೊಡೆದು ಹೊಡೆದು ತೋಳು ಬಿದ್ದುಹೋಗುತ್ತಿತ್ತು. ಹಿಡಿದ ಮೇಲೂ ಕಣ್ಣು ಉರಿಸುವ ಬಿಳಿ ಹೊಗೆ, ಸುತ್ತಿಗೆಯಲ್ಲಿ ಬಡಿದಂಥ ಸದ್ದು. ಬಿಳಿ ಹೊಗೆ ಅಂದರೆ ಉರಿಯದೆ ಹೊರಬಿದ್ದ ಇಂಧನ, ಅಲ್ವಾ? ಸೀಟೇನ್ (ಇಂಧನ ಎಷ್ಟು ಬೇಗ ಹೊತ್ತುತ್ತದೆ ಅನ್ನುವ ಅಂಕ) ಕಡಿಮೆಯಿದೆ ಅಂದುಕೊಂಡು, ಅದನ್ನು ಏರಿಸುವ ಎಥೈಲ್‌ಹೆಕ್ಸೈಲ್ ನೈಟ್ರೇಟ್ ತಂದು ಹಾಕಿದೆ. ಬಡಿತ ಸ್ವಲ್ಪ ಇಳಿಯಿತು, ಹೊಗೆ ಇಳಿಯಲಿಲ್ಲ. ಅಷ್ಟರಲ್ಲಿ ಇಂಧನ ಚಿಮ್ಮಿಸುವ ನಾಜಲ್ ತುದಿಯಲ್ಲಿ ಮಸಿ ಗಟ್ಟಿಯಾಗಿ ಕಟ್ಟಿತ್ತು, ಇಂಧನ ಪಂಪಿನ ಎಲಿಮೆಂಟ್ (ಒಳಗಿನ ಪ್ಲಂಜರ್) ಜಾಮ್ ಆಗಿತ್ತು. ಆ ವರ್ಷ ಡೀಸೆಲ್‌ನಲ್ಲಿ ಉಳಿಸಿದ ದುಡ್ಡೆಲ್ಲ ಆ ಒಂದು ರಿಪೇರಿಗೇ ಹೋಯಿತು. ಸಾಲದ್ದಕ್ಕೆ ಕೈಯಿಂದಲೂ ಹಾಕಿದೆ.

ತಪ್ಪು ಸಿಕ್ಕಿದ್ದು 3/27 ಟೆಸ್ಟ್‌ನಲ್ಲಿ. 27 ಎಂಎಲ್ ಮೆಥನಾಲ್‌ಗೆ 3 ಎಂಎಲ್ ಬಯೋಡೀಸೆಲ್ ಹಾಕಿ ಕುಲುಕಿ ಇಟ್ಟೆ. ಸ್ವಲ್ಪ ಹೊತ್ತಿಗೆ ಗಾಜಿನ ತಳದಲ್ಲಿ ಹಳದಿ ಹನಿಯೊಂದು ಮಣಿಯ ಹಾಗೆ ಕೂತಿತು. ಅದು ಎಸ್ಟರ್ ಆಗದೆ ಉಳಿದ ಎಣ್ಣೆ. ಎಸ್ಟರ್ ಸಿಲಿಂಡರಿನ ಬಿಸಿಗೆ ಆವಿಯಾಗುತ್ತದೆ. ಎಣ್ಣೆ ಹಾಗಲ್ಲ, ಆವಿಯಾಗುವ ಮೊದಲೇ ಒಡೆದು ಮಸಿಯಾಗಿ ಕೂರುತ್ತದೆ. ಇದಕ್ಕೆ ಯಾವ ನೈಟ್ರೇಟ್ ಹಾಕಿದರೂ ಪ್ರಯೋಜನವಿಲ್ಲ. ಮೆಥನಾಲ್, ಕೆಒಎಚ್ ಎರಡನ್ನೂ 80-20 ಅಂತ ಪಾಲು ಮಾಡಿ ಎರಡು ಸಲ ಕೊಟ್ಟೆ. ನಡುವೆ ಗ್ಲಿಸರಿನ್ ಇಳಿಸಿದೆ. ಮಣಿ ಮಾಯವಾಯಿತು, ಹೊಗೆಯೂ ಹೋಯಿತು.

ಬಡಿತ ಮಾತ್ರ ಉಳಿದಿತ್ತು. ಅದಕ್ಕೆ ಕಾರಣ ಎಣ್ಣೆಯ ಜಾತಿ. ಎಸ್ಟರಿನ ಇಂಗಾಲದ ಸರಪಳಿಯಲ್ಲಿ ಡಬಲ್ ಬಾಂಡ್ (ಜೋಡಿ ಬೆಸುಗೆ) ಹೆಚ್ಚಿದಷ್ಟೂ ಸೀಟೇನ್ ಇಳಿಯುತ್ತದೆ. ಮೀಥೈಲ್ ಸ್ಟಿಯರೇಟ್‌ನ ಸೀಟೇನ್ 80ಕ್ಕಿಂತ ಮೇಲೆ, ಓಲಿಯೇಟ್ 55ರ ಮೇಲೆ, ಲಿನೋಲಿಯೇಟ್ ಸುಮಾರು 40, ಲಿನೋಲೆನೇಟ್ ಇಪ್ಪತ್ತರ ಆಸುಪಾಸು. ಬೆಂಕಿ ಹತ್ತುವ ಮೊದಲು ಆಮ್ಲಜನಕ ಸರಪಳಿಗೆ ಅಂಟಿಕೊಳ್ಳುತ್ತದೆ. ಸರಪಳಿ ಬಾಗಿ, ಅದೇ ಸರಪಳಿಯ ಇನ್ನೊಂದು ಕಡೆಯಿಂದ ಹೈಡ್ರೋಜನ್ ಎಳೆದುಕೊಂಡು ಪೆರಾಕ್ಸೈಡ್ ಆಗುತ್ತದೆ. ಡಬಲ್ ಬಾಂಡ್ ಇದ್ದಲ್ಲಿ ಹಾಗೆ ಸುಲಭವಾಗಿ ಬಾಗುವುದಿಲ್ಲ. ಹತ್ತುವುದು ತಡವಾದಷ್ಟೂ ಸಿಲಿಂಡರಿನಲ್ಲಿ ಇಂಧನ ಜಾಸ್ತಿ ಸೇರಿ ಒಮ್ಮೆಲೇ ಹೊತ್ತಿಕೊಳ್ಳುತ್ತದೆ. ಅದೇ ಆ ಬಡಿತ. ನನ್ನದು ಹೆಚ್ಚಾಗಿ ಕರಿದುಳಿದ ಸೂರ್ಯಕಾಂತಿ ಎಣ್ಣೆ, ಅದರಲ್ಲಿ ಡಬಲ್ ಬಾಂಡ್ ಜಾಸ್ತಿ. ಅದಕ್ಕೆ ಡಬಲ್ ಬಾಂಡ್ ಕಡಿಮೆಯಿರುವ ಕರಿದ ಪಾಮ್ ಎಣ್ಣೆ ಬೆರೆಸಿದೆ. ಬರೀ ಪಾಮ್ ಆದರೆ 15 ಡಿಗ್ರಿಯ ಹತ್ತಿರವೇ ಮಬ್ಬಾಗಿ ಫಿಲ್ಟರ್ ಕಟ್ಟುತ್ತದೆ. ಯಾವ ಲೆಕ್ಕದಲ್ಲಿ ಬೆರೆಸುತ್ತೇನೆ ಅನ್ನುವುದು ನನ್ನ ಹತ್ತಿರವೇ ಇರಲಿ. ಅದಕ್ಕೆ ಎರಡು ಚಳಿಗಾಲ ಖರ್ಚಾಗಿದೆ.

ಪಂಪಿನ ಕೆಳಗೆ ಒಂದು ಶಿಮ್ (ತೆಳು ಲೋಹದ ತಗಡು) ಕೂಡ ಹೆಚ್ಚಿಗೆ ಹಾಕಿದೆ. ಬಯೋಡೀಸೆಲ್ ಡೀಸೆಲ್‌ನಷ್ಟು ಕುಗ್ಗುವುದಿಲ್ಲ. ಒತ್ತಡ ನಾಜಲ್‌ಗೆ ಬೇಗ ಮುಟ್ಟಿ, ಇಂಜೆಕ್ಷನ್ ಕ್ರ್ಯಾಂಕ್ ತಿರುಗುವ ಲೆಕ್ಕದಲ್ಲಿ ಒಂದು ಡಿಗ್ರಿಯಷ್ಟು ಮುಂಚೆ ಶುರುವಾಗುತ್ತದೆ. ಶಿಮ್ ಅದನ್ನು ಹಿಂದಕ್ಕೆ ತಂದಿತು.

ನಡುವೆ ಸುಮ್ನೆ ಎರಡು ಪ್ರಯೋಗ ಮಾಡಿದೆ. ನೂರಕ್ಕೆ ಹತ್ತು ಎಥನಾಲ್ ಬೆರೆಸಿದಾಗ ಅರ್ಧ ಗಂಟೆಯಲ್ಲೇ ನಿಲ್ಲಿಸಬೇಕಾಯಿತು, ಅಷ್ಟು ಬಡಿತ. ಎಥನಾಲ್‌ನ ಸೀಟೇನ್ ಹತ್ತನ್ನೂ ಮುಟ್ಟುವುದಿಲ್ಲ. ಇನ್ನೊಂದು, ಆರು ತಿಂಗಳು ಮುಚ್ಚಳ ಸಡಿಲವಾಗಿದ್ದ ಕ್ಯಾನಿನ ಹಳೇ ಬಯೋಡೀಸೆಲ್. ಪೇಂಟಿನ ವಾಸನೆ ಬರುತ್ತಿತ್ತು. ಆದರೆ ಅದರಷ್ಟು ಚೆನ್ನಾಗಿ ಯಾವುದೂ ಸ್ಟಾರ್ಟ್ ಆಗಿಲ್ಲ! ಪೆರಾಕ್ಸೈಡ್ ಆಗಲೇ ಒಳಗೆ ತಯಾರಿತ್ತು. ನಾಲ್ಕೇ ದಿನಕ್ಕೆ ಫಿಲ್ಟರ್ ತುಂಬ ಕಂದು ಅಂಟು.

ಬಳಕೆ ಡೀಸೆಲ್‌ಗಿಂತ ನೂರಕ್ಕೆ ಏಳೆಂಟು ಜಾಸ್ತಿ. ಈಗ ದುಡ್ಡು ಹೋಗುವುದು ಮೆಥನಾಲ್‌ಗೇ. ಎಂಜಿನ್ ಆಯಿಲನ್ನು ಅರ್ಧ ಅವಧಿಗೇ ಬದಲಿಸುತ್ತೇನೆ. ಕಳೆದ ವಾರ ನಾಜಲ್ ಬಿಚ್ಚಿದೆ. ತುದಿಯಲ್ಲಿ ತೆಳ್ಳನೆ ಒಣ ಮಸಿ. ಬೆರಳಲ್ಲಿ ಒರೆಸಿದರೆ ಬಂತು.