ಕೂಡಿ ಕೊಂಡ ಮನೆ: ದುರಸ್ತಿಯ ಹಣ ಹೊಂದಿಸುವ ಬಗೆ

ಖರೀದಿಗೆ ಮೊದಲೇ ದುರಸ್ತಿಯ ಅಂದಾಜುಪಟ್ಟಿ ಮಾಡಿಸಿ, ಮೇಲೆ ಶೇ. 15ರಷ್ಟು ಸೇರಿಸಿ. ಹಳೆಯ ಗೋಡೆ ಒಡೆದಾಗ ಕೊಳೆತ ಪೈಪು, ಸುಟ್ಟ ವೈರಿಂಗ್ ಕಾಣುವುದು ಮಾಮೂಲಿ.

ಜಂಟಿ ಸಾಲಕ್ಕೆ ಸಹಿ ಹಾಕಿದವರು ಸಾಮಾನ್ಯವಾಗಿ ಇಡೀ ಸಾಲಕ್ಕೆ ಹೊಣೆಗಾರರು, ತಮ್ಮ ಪಾಲಿಗೆ ಮಾತ್ರವಲ್ಲ. ಆದ್ದರಿಂದ ಮೂರು ಕಂತುಗಳಷ್ಟು ಹಣ ಜಂಟಿ ಖಾತೆಯಲ್ಲಿ ಸದಾ ಇರಲಿ. ನವೀಕರಣದ ಸಾಲವನ್ನು ಬ್ಯಾಂಕು ಹೆಚ್ಚಾಗಿ ಕೆಲಸ ಸಾಗಿದ ಹಾಗೆ ಬಿಡುಗಡೆ ಮಾಡುತ್ತದೆ. ಮೊದಲ ಹಂತಕ್ಕೆ ಕೈಹಣ ಬೇಕು.

ಮನಸ್ತಾಪ ಹುಟ್ಟುವುದು ಪಾಲಿನ ಲೆಕ್ಕದಲ್ಲಿ. ಖರೀದಿಗೆ 80, ದುರಸ್ತಿಗೆ 20 ಎನ್ನಿ. ನಾಲ್ವರು ಖರೀದಿಗೆ ತಲಾ 20 ಹಾಕಿದರು. ದುರಸ್ತಿಯ 20ನ್ನೂ ಹಿರಿಯಣ್ಣನೊಬ್ಬನೇ ಕೊಟ್ಟ. ಅವನು ಹಾಕಿದ್ದು ನೂರಕ್ಕೆ 40. ಅದು ಹೆಚ್ಚುವರಿ ಪಾಲೋ, ಉಳಿದವರು ತೀರಿಸಬೇಕಾದ ಸಾಲವೋ? ಹಣ ಕೊಡುವ ಮೊದಲೇ ಬರೆದು, ಎಲ್ಲರೂ ಸಹಿ ಹಾಕಿ. ಸಾಲವೆಂದು ಬರೆಯುವುದೇ ಮೇಲು, ಏಕೆಂದರೆ ದುರಸ್ತಿಗೆ ಸುರಿದಷ್ಟೂ ಮನೆಯ ಬೆಲೆ ಏರುವುದಿಲ್ಲ.

ಚಾವಣಿ, ನೀರು, ವಿದ್ಯುತ್ತು ಎಲ್ಲರ ಖರ್ಚು. ಅವರವರ ಕೋಣೆಯ ಅಲಂಕಾರ ಅವರವರದು. ಅಡುಗೆಮನೆಯ ವಿಷಯ ಮಾತ್ರ ಕೂತು ಮಾತಾಡಿಯೇ ತೀರ್ಮಾನಿಸಿ. ಗುತ್ತಿಗೆದಾರರಿಗೆ ಕೊನೆಯ ಶೇ. 10ನ್ನು ನಲ್ಲಿ, ಸೋರಿಕೆ ಪರೀಕ್ಷಿಸಿದ ಮೇಲೆ ಕೊಡಿ.