ತಾರಸಿ ಕೆಳಗಿನ ಕೋಣೆಯಲ್ಲಿ ಓವರ್‌ಕ್ಲಾಕಿಂಗ್: ನನ್ನ ಅನುಭವ

ಪ್ರೊಸೆಸರನ್ನು ಕಂಪನಿ ಗೊತ್ತುಮಾಡಿದ್ದಕ್ಕಿಂತ ಹೆಚ್ಚು ವೇಗದಲ್ಲಿ ಓಡಿಸುವುದೇ ಓವರ್‌ಕ್ಲಾಕಿಂಗ್. ಡಿಸೆಂಬರ್‌ನ ಒಂದು ರಾತ್ರಿ ನನ್ನ ಕಂಪ್ಯೂಟರ್‌ನ ಪ್ರೊಸೆಸರ್ 5 ಗಿಗಾಹರ್ಟ್ಸ್ ಮುಟ್ಟಿತು. ಇಂಟೆಲ್‌ನ ಐ5-9600ಕೆ ಅದು. ಅದರೊಳಗಿನ ಆರೂ ಕೋರ್ (ಲೆಕ್ಕ ಮಾಡುವ ಘಟಕ) ಒಟ್ಟಿಗೆ ದುಡಿಯುವಾಗ ಕಂಪನಿ ಲೆಕ್ಕದ ವೇಗ 4.3 ಗಿಗಾಹರ್ಟ್ಸ್. ಕಿಟಕಿ ತೆರೆದಿತ್ತು, ಕೋಣೆಯಲ್ಲಿ 24 ಡಿಗ್ರಿ. ಒಂದು ಗಂಟೆ ಗೇಮ್ ಆಡಿದರೂ ಚಿಪ್ 78 ಡಿಗ್ರಿ ದಾಟಲಿಲ್ಲ. ಖುಷಿಯಿಂದ ಆ ಸೆಟ್ಟಿಂಗನ್ನು ಬಯಾಸ್‌ನಲ್ಲಿ (ಮದರ್‌ಬೋರ್ಡ್‌ನ ಮೂಲ ಸೆಟ್ಟಿಂಗ್‌ಗಳ ಪರದೆ) ಉಳಿಸಿ ಮಲಗಿದೆ.

ಮಾರ್ಚ್ ಕೊನೆಯ ವಾರದಲ್ಲಿ ಅದೇ ಗೇಮ್ ತಡವರಿಸತೊಡಗಿತು. ಹತ್ತು ನಿಮಿಷ ಚೆನ್ನಾಗಿ ಓಡುತ್ತದೆ, ಆಮೇಲೆ ಒಂದೊಂದು ಕ್ಷಣ ಪರದೆ ಹಿಡಿದು ನಿಲ್ಲಿಸಿದ ಹಾಗೆ ನಿಂತು ಮುಂದೆ ಹೋಗುತ್ತದೆ. ಮೊದಲು ಇಂಟರ್ನೆಟ್ ಮೇಲೆ ಅನುಮಾನ ಬಂತು, ನಂತರ ಗ್ರಾಫಿಕ್ಸ್ ಡ್ರೈವರ್ ಮೇಲೆ. ಕೊನೆಗೆ ಚಿಪ್‌ನ ಬಿಸಿ, ವೇಗ ತೋರಿಸುವ ಎಚ್‌ಡಬ್ಲ್ಯೂಇನ್ಫೊ ಎಂಬ ತಂತ್ರಾಂಶ ತೆರೆದಿಟ್ಟು ಆಡಿದೆ. ಥರ್ಮಲ್ ಥ್ರಾಟ್ಲಿಂಗ್ ಎಂಬ ಸಾಲಿನಲ್ಲಿ ‘ಯೆಸ್’ ಅಂತ ಇತ್ತು. ಈ ಚಿಪ್‌ಗೆ 100 ಡಿಗ್ರಿ ಗಡಿ. ಅಲ್ಲಿಗೆ ತಲುಪಿದರೆ ಸುಟ್ಟುಹೋಗುವುದಿಲ್ಲ, ತಾನೇ ವೇಗ ತಗ್ಗಿಸಿಕೊಳ್ಳುತ್ತದೆ. ಅಂದರೆ ಐದು ಗಿಗಾಹರ್ಟ್ಸ್ ಅಂತ ನಾನು ಬರೆದಿಟ್ಟಿದ್ದರೂ ಆಟದ ಬಿಸಿ ಏರಿದಾಗ ಅದು ಐದರಲ್ಲಿ ಓಡುತ್ತಲೇ ಇರಲಿಲ್ಲ.

ನಮ್ಮದು ಬೆಂಗಳೂರಿನ ಹನುಮಂತನಗರದಲ್ಲಿ ಎರಡನೇ ಮಹಡಿಯ ಬಾಡಿಗೆ ಮನೆ. ಅದರ ಮೇಲೆ ತಾರಸಿ, ಎಸಿ ಇಲ್ಲ. ನೂರೈವತ್ತು ರೂಪಾಯಿಯ ಥರ್ಮಾಮೀಟರ್ ಒಂದನ್ನು ತಂದು ಕೋಣೆಯಲ್ಲಿ ಇಟ್ಟೆ. ಒಂದು ವಾರ ಬೆಳಿಗ್ಗೆ, ಮಧ್ಯಾಹ್ನ, ಸಂಜೆ, ರಾತ್ರಿ ಅಂತ ನಾಲ್ಕು ಹೊತ್ತು ಬರೆದುಕೊಂಡೆ. ಮಧ್ಯಾಹ್ನ ಎರಡಕ್ಕೆ ಅತಿ ಹೆಚ್ಚು ಇರುತ್ತದೆ ಅಂದುಕೊಂಡಿದ್ದೆ. ಇರಲಿಲ್ಲ. ಅತಿ ಹೆಚ್ಚು ಇದ್ದದ್ದು ಸಂಜೆ ಏಳರಿಂದ ಎಂಟರ ನಡುವೆ: 33, ಕೆಲವು ದಿನ 34. ಇಡೀ ದಿನ ಬಿಸಿಲು ಕುಡಿದ ಆರ್‌ಸಿಸಿ ಸ್ಲ್ಯಾಬ್ ಆ ಹೊತ್ತಿಗೆ ಕೆಳಗಿನ ಕೋಣೆಗೆ ಶಾಖ ಬಿಡುತ್ತದೆ. ಮಂಚದ ಮೇಲೆ ನಿಂತು ಕೈ ಚಾಚಿ ಸೀಲಿಂಗ್ ಮುಟ್ಟಿದರೆ ಈಗಷ್ಟೇ ಒಲೆಯಿಂದ ಇಳಿಸಿ ಸ್ವಲ್ಪ ಆರಿದ ಕಾವಲಿಯ ಹಾಗೆ ಬೆಚ್ಚಗೆ. ನಾನು ಆಫೀಸಿನಿಂದ ಬಂದು ಗೇಮ್‌ಗೆ ಕೂರುವುದೂ ಅದೇ ಹೊತ್ತಿಗೆ.

ಬೆಂಗಳೂರು ತಂಪು ಊರು ಅಂತ ನಾವೇ ಹೇಳಿಕೊಂಡು ಓಡಾಡುತ್ತೇವೆ. 2016ರ ಏಪ್ರಿಲ್‌ನಲ್ಲಿ ಇದೇ ಊರಿನಲ್ಲಿ 39.2 ಡಿಗ್ರಿ ದಾಖಲಾಗಿದೆ. ಡಿಸೆಂಬರ್ ರಾತ್ರಿ ಮಾಡಿದ ಓವರ್‌ಕ್ಲಾಕ್ ಇಲ್ಲಿ ಅರ್ಧ ಪರೀಕ್ಷೆ ಮಾತ್ರ. ಉಳಿದರ್ಧ ಏಪ್ರಿಲ್ ಸಂಜೆಯದು. ಹಾಗಾಗಿ ಅವತ್ತಿನಿಂದ ನಾನು ಚಿಪ್ ಎಷ್ಟು ಡಿಗ್ರಿ ಅಂತ ಬರೆಯುವುದು ಬಿಟ್ಟು, ಕೋಣೆಗಿಂತ ಎಷ್ಟು ಡಿಗ್ರಿ ಮೇಲಿದೆ ಅಂತ ಬರೆಯತೊಡಗಿದೆ. ಕೋಣೆ ಒಂದು ಡಿಗ್ರಿ ಏರಿದರೆ ಚಿಪ್ ಕೂಡ ಹೆಚ್ಚುಕಮ್ಮಿ ಒಂದು ಡಿಗ್ರಿ ಏರುತ್ತದೆ. ಈ ಲೆಕ್ಕ ಇಟ್ಟುಕೊಂಡರೆ ಯಾವ ತಿಂಗಳಲ್ಲಿ ಪರೀಕ್ಷೆ ಮಾಡಿದರೂ ಬೇಸಿಗೆ ಹೇಗಿರುತ್ತದೆ ಅಂತ ಮೊದಲೇ ಗೊತ್ತಾಗುತ್ತದೆ.

ಆದರೆ ಹತ್ತು ಡಿಗ್ರಿ ಕೋಣೆಯದ್ದು ಅಂತ ಕಳೆದರೂ ನನ್ನ ಲೆಕ್ಕ ತಾಳೆಯಾಗಲಿಲ್ಲ. 78ರಿಂದ 100ಕ್ಕೆ ಏರಲು ಇನ್ನೂ ಹನ್ನೆರಡು ಡಿಗ್ರಿ ಎಲ್ಲಿಂದಲೋ ಬರುತ್ತಿತ್ತು. ಕಂಪ್ಯೂಟರ್ ಸಾಮಾನಿನ ಅಂಗಡಿಗಳಿರುವ ಎಸ್.ಪಿ. ರೋಡ್‌ಗೆ ಹೋಗಿ ನನಗೆ ಪರಿಚಯದ ಅಂಗಡಿಯಲ್ಲಿ ಕೇಳಿದೆ. “ಸಾರ್, ಲಿಕ್ವಿಡ್ ಕೂಲರ್ ಹಾಕ್ಬಿಡಿ, ತಲೆನೋವೇ ಇರಲ್ಲ” ಅಂದರು. ದೊಡ್ಡ ರೇಡಿಯೇಟರ್ ಹಾಕಿದ್ದರೆ ಸ್ವಲ್ಪ ಇಳಿಯುತ್ತಿತ್ತು, ಅದು ನಿಜ. ಆದರೆ ನೀರಾದರೂ ಅಷ್ಟೇ, ಗಾಳಿಯಾದರೂ ಅಷ್ಟೇ, ಕೊನೆಗೆ ಶಾಖ ಹೋಗಿ ಸೇರಬೇಕಾದದ್ದು ಕೋಣೆಯ ಗಾಳಿಗೇ. ಆ ಗಾಳಿಗಿಂತ ತಂಪು ಮಾಡಲು ಎರಡಕ್ಕೂ ಆಗುವುದಿಲ್ಲ. ಚಿಪ್‌ಗೂ ಕೂಲರ್‌ಗೂ ನಡುವೆ ಶಾಖ ದಾಟಿಸಲು ಹಚ್ಚುವ ಥರ್ಮಲ್ ಪೇಸ್ಟ್ ಒಂದು ಟ್ಯೂಬ್, ಒಂದು ಸೀಸೆ ಐಸೊಪ್ರೊಪೈಲ್ ಆಲ್ಕೊಹಾಲ್ ತೆಗೆದುಕೊಂಡು ಮನೆಗೆ ಬಂದೆ.

ಉತ್ತರ ಸಿಕ್ಕಿದ್ದು ದೇವರ ಗೂಡಿನ ಊದುಬತ್ತಿಯಿಂದ. ಸಂಜೆ ಅಮ್ಮ ದೀಪ ಹಚ್ಚಿದಾಗ ಹೊಗೆ ಒಂದೇ ಗೆರೆಯಾಗಿ ಮೇಲೇರಿ, ಫ್ಯಾನ್ ಗಾಳಿ ತಗಲಿದ ಕಡೆ ಸರಕ್ಕನೆ ವಾಲುವುದನ್ನು ನೋಡಿದೆ. ಒಂದು ಕಡ್ಡಿ ಹಚ್ಚಿ, ಬೂದಿ ಬೀಳದ ಹಾಗೆ ಕೆಳಗೆ ತಟ್ಟೆ ಹಿಡಿದು, ಟೇಬಲ್‌ನ ಗೂಡಿನಲ್ಲಿಟ್ಟಿದ್ದ ಕ್ಯಾಬಿನೆಟ್ (ಕಂಪ್ಯೂಟರ್ ಭಾಗಗಳೆಲ್ಲ ಇರುವ ಪೆಟ್ಟಿಗೆ) ಹಿಂದೆ ಕೂತೆ. ಸೀಲಿಂಗ್ ಫ್ಯಾನ್ ಆರಿಸಿ, ಕ್ಯಾಬಿನೆಟ್ ಫ್ಯಾನ್‌ಗಳನ್ನು ಪೂರ್ತಿ ಓಡಿಸಿದೆ. ಹಿಂದಿನ ಫ್ಯಾನ್ ಉಗುಳಿದ ಹೊಗೆ ನೇರ ಗೋಡೆಗೆ ಬಡಿಯಿತು. ಗೋಡೆಯಿಂದ ಕೆಳಗಿಳಿಯಿತು, ಟೇಬಲ್‌ನ ಗೂಡಿನೊಳಗೆ ನೆಲ ಹಿಡಿದು ತೆವಳಿತು, ಕ್ಯಾಬಿನೆಟ್‌ನ ಪಕ್ಕದಲ್ಲೇ ಮುಂದೆ ಬಂದು ಮುಂಭಾಗದ ಸಂದಿಯೊಳಗೆ ಮೆಲ್ಲಗೆ ಹೊಕ್ಕಿತು. ಎರಡನೇ ಸಲ ನೋಡಿದೆ, ಮೂರನೇ ಸಲ ತಂಗಿಯನ್ನು ಕರೆದು ತೋರಿಸಿದೆ. “ಅಣ್ಣ, ಅದು ಬಿಟ್ಟ ಉಸಿರನ್ನೇ ಅದು ಮತ್ತೆ ಎಳ್ಕೋತಾ ಇದೆ” ಅಂದಳು. ಸರಿಯಾದ ಮಾತು. ಕೋಣೆಯಲ್ಲಿ 33 ಇದ್ದಾಗ ಕ್ಯಾಬಿನೆಟ್ ಬಾಯಿಯಲ್ಲಿ 37 ಇತ್ತು.

ಅವತ್ತೇ ಕ್ಯಾಬಿನೆಟ್ಟನ್ನು ಗೂಡಿನಿಂದ ಹೊರಗೆ ತೆಗೆದು, ಗೋಡೆಯಿಂದ ಒಂದು ಗೇಣಿಗಿಂತ ಹೆಚ್ಚು ದೂರದಲ್ಲಿ, ಕಿಟಕಿ ಕಡೆ ಮುಖ ಮಾಡಿ ಇಟ್ಟೆ. ನಾಲ್ಕು ಡಿಗ್ರಿ ಇಳಿಯಿತು. ಮುಂಭಾಗದ ಗಾಜಿನ ಫಲಕ ನೋಡಲು ಚಂದ, ಆದರೆ ಗಾಳಿಗೆ ಬಿಟ್ಟಿದ್ದು ಪಕ್ಕದ ಬೆರಳಗಲದ ಸಂದಿ ಮಾತ್ರ. ಅದನ್ನು ಕಳಚಿ ಅಟ್ಟದ ಮೇಲೆ ಹಾಕಿದೆ. ಇನ್ನೂ ಮೂರು ಡಿಗ್ರಿ. ಫಲಕದ ಹಿಂದಿನ ಜಾಲರಿ ಬಿಚ್ಚಿದರೆ ಬೂದು ಬಣ್ಣದ ಕಂಬಳಿ! ಎದುರಿನ ಸೈಟ್‌ನಲ್ಲಿ ಮನೆ ಕಟ್ಟುತ್ತಿದ್ದಾರೆ, ಸಿಮೆಂಟ್ ದೂಳು, ಎಂ-ಸ್ಯಾಂಡ್ ದೂಳು ಎಲ್ಲ ಅಲ್ಲೇ ಕೂತಿತ್ತು. ಈಗ ಹದಿನೈದು ದಿನಕ್ಕೊಮ್ಮೆ ಜಾಲರಿ ತೊಳೆಯುತ್ತೇನೆ. ಪೂರ್ತಿ ಒಣಗಿದ ಮೇಲೇ ಹಾಕಬೇಕು.

ಇನ್ನೊಂದು ಸಂಗತಿ. ನಮ್ಮೂರು ಸಮುದ್ರ ಮಟ್ಟಕ್ಕಿಂತ ಸುಮಾರು 920 ಮೀಟರ್ ಎತ್ತರದಲ್ಲಿದೆ. ಇಲ್ಲಿನ ಗಾಳಿ ಕರಾವಳಿಯದಕ್ಕಿಂತ ಹತ್ತಿರ ಹತ್ತಿರ ಹತ್ತು ಪ್ರತಿಶತ ತೆಳು. ಫ್ಯಾನ್ ಅಷ್ಟೇ ಸುತ್ತು ಸುತ್ತಿದರೂ ಹೊತ್ತೊಯ್ಯುವ ಗಾಳಿಯ ತೂಕ ಅಷ್ಟು ಕಡಿಮೆ. ದೊಡ್ಡ ವ್ಯತ್ಯಾಸವೇನಲ್ಲ, ಆದರೆ ಬೇರೆ ಊರಿನವರ ಡಿಗ್ರಿಗಳನ್ನು ನಮ್ಮದಕ್ಕೆ ಹಾಗೇ ಹೋಲಿಸಬಾರದು.

ಇನ್ನು ವೋಲ್ಟೇಜ್. ನಾನು ನಿಜವಾಗಿ ಎಡವಿದ್ದು ಇಲ್ಲಿ. ಡಿಸೆಂಬರ್‌ನಲ್ಲಿ ಮೊದಲು ಮಲ್ಟಿಪ್ಲೈಯರ್ 50 ಮಾಡಿ (ಇದನ್ನು 100 ಮೆಗಾಹರ್ಟ್ಸ್‌ನಿಂದ ಗುಣಿಸಿದರೆ ಚಿಪ್‌ನ ವೇಗ) ವೋಲ್ಟೇಜನ್ನು ‘ಆಟೊ’ದಲ್ಲೇ ಬಿಟ್ಟಿದ್ದೆ. ಮದರ್‌ಬೋರ್ಡ್ ತನಗೆ ತೋಚಿದಂತೆ 1.42 ವೋಲ್ಟ್ ಕೊಟ್ಟಿತ್ತು. ಅದನ್ನು ಕೈಯಾರೆ ಇಳಿಸುತ್ತಾ ಬಂದೆ. 1.36ಕ್ಕೆ ಬಂದಾಗ ನೀಲಿ ಪರದೆ ಬಂದು ವಿಂಡೋಸ್ ನಿಂತುಹೋಯಿತು. 1.35ರಲ್ಲಿ ಆನ್ ಆಗಲೇ ಇಲ್ಲ. ಪ್ಲಗ್ ಕಿತ್ತು, ಬೋರ್ಡ್‌ನಲ್ಲಿ ಬಯಾಸ್ ಸೆಟ್ಟಿಂಗ್ ಅಳಿಸಲೆಂದೇ ಇರುವ ಸಿಮೋಸ್ ಪಿನ್ ಎರಡನ್ನೂ ಸ್ಕ್ರೂಡ್ರೈವರ್ ತುದಿಯಿಂದ ಹತ್ತು ಸೆಕೆಂಡ್ ಮುಟ್ಟಿಸಿ ಹಿಡಿದ ಮೇಲೆ ಬಯಾಸ್ ಮೊದಲಿನ ಸ್ಥಿತಿಗೆ ಬಂತು. ಕೊನೆಗೆ 1.38ರಲ್ಲಿ ನಿಂತಿತು. ನಿಂತಿತು ಅನ್ನುವುದಷ್ಟನ್ನೇ ನೋಡಿದ್ದೆ, ಏನು ಬೆಲೆಗೆ ಅಂತ ನೋಡಿರಲಿಲ್ಲ.

ಚಿಪ್ ಬಿಡುವ ಶಾಖ ವೇಗಕ್ಕೆ ತಕ್ಕಂತೆ ಏರುತ್ತದೆ, ವೋಲ್ಟೇಜ್‌ನ ವರ್ಗಕ್ಕೆ ತಕ್ಕಂತೆಯೂ ಏರುತ್ತದೆ. ಏಪ್ರಿಲ್‌ನಲ್ಲಿ ಒಂದೊಂದೇ ಮೆಟ್ಟಿಲು ಇಳಿದು ನೋಡಿದಾಗ 4.7 ಗಿಗಾಹರ್ಟ್ಸ್‌ಗೆ 1.24 ವೋಲ್ಟ್ ಸಾಕಾಯಿತು. 4.7ರಿಂದ 5ಕ್ಕೆ ವೇಗ ಹೆಚ್ಚುವುದು ಆರು ಪ್ರತಿಶತ. ಶಾಖ? 1.38ನ್ನು 1.24ರಿಂದ ಭಾಗಿಸಿ ವರ್ಗ ಮಾಡಿ, ಅದಕ್ಕೆ ಈ ಆರು ಪ್ರತಿಶತ ಸೇರಿಸಿದರೆ 32 ಪ್ರತಿಶತ. ಪರದೆಯ ಮೇಲೂ ಅದೇ ಕಂಡಿತು: ಪೂರ್ತಿ ಹೊರೆಯಲ್ಲಿ 148 ವ್ಯಾಟ್ ಇದ್ದದ್ದು 112ಕ್ಕೆ ಇಳಿಯಿತು. ನನ್ನ ಮಾನಿಟರ್ 144 ಹರ್ಟ್ಸ್‌ನದು, ಅಂದರೆ ಸೆಕೆಂಡಿಗೆ 144 ಫ್ರೇಮ್ (ಚಿತ್ರ) ತೋರಿಸಬಲ್ಲದು; ಗೇಮ್‌ನಲ್ಲಿ ಸರಾಸರಿ ಕಳೆದುಕೊಂಡದ್ದು ಸೆಕೆಂಡಿಗೆ ನಾಲ್ಕೈದು ಫ್ರೇಮ್. ಮೊದಲಿನ ತಡವರಿಕೆ ಪೂರ್ತಿ ಹೋಯಿತು. ನನ್ನ ಮಟ್ಟಿಗೆ ಓವರ್‌ಕ್ಲಾಕ್ ಅಂದರೆ ಈ 4.7. ಕಂಪನಿ ವೇಗಕ್ಕಿಂತ 400 ಮೆಗಾಹರ್ಟ್ಸ್ ಮೇಲೆ, ಯಾವ ತಿಂಗಳಲ್ಲಾದರೂ.

ಇಷ್ಟಾದ ಮೇಲೆ ಪೇಸ್ಟ್ ಬದಲಿಸಿದೆ. ಹಳೆಯದನ್ನು ಆಲ್ಕೊಹಾಲ್‌ನಿಂದ ಒರೆಸಿ, ಬಟಾಣಿ ಕಾಳಿನಷ್ಟು ಮಧ್ಯದಲ್ಲಿ ಇಟ್ಟು, ಕೂಲರ್‌ನ ಸ್ಕ್ರೂಗಳನ್ನು ಮೂಲೆಯಿಂದ ಮೂಲೆಗೆ ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿದೆ. ಎರಡು ಡಿಗ್ರಿ ಸಿಕ್ಕಿತು. ಗ್ರಾಫಿಕ್ಸ್ ಕಾರ್ಡ್ ಜಿಟಿಎಕ್ಸ್ 1660 ಸೂಪರ್. ಅದನ್ನು ಓವರ್‌ಕ್ಲಾಕ್ ಮಾಡುವ ಬದಲು ಆಫ್ಟರ್‌ಬರ್ನರ್ ಎಂಬ ತಂತ್ರಾಂಶದಲ್ಲಿ ವೋಲ್ಟೇಜ್ ತಗ್ಗಿಸಿದೆ, ಕ್ಯಾಬಿನೆಟ್ ಒಳಗಿನ ಬಿಸಿಯೂ ತಗ್ಗಿತು. ರ‍್ಯಾಮ್‌ಗೆ ಎಕ್ಸ್‌ಎಂಪಿ, ಅಂದರೆ ತಯಾರಕರು ಅದಕ್ಕೆ ಗೊತ್ತುಮಾಡಿಟ್ಟ ವೇಗದ ಸೆಟ್ಟಿಂಗ್, ಆನ್ ಮಾಡಿದೆ. 3200ರ ರ‍್ಯಾಮ್ ಅಷ್ಟು ದಿನವೂ 2133ರಲ್ಲೇ ಓಡುತ್ತಿತ್ತು! ಹೆಚ್ಚು ಬಿಸಿಯಿಲ್ಲದೆ ಸಿಗುವ ವೇಗ ಇದು, ಮೊದಲು ನೋಡಬೇಕಾದದ್ದು ಇದನ್ನೇ.

ಫ್ಯಾನ್ ಸದ್ದಿನ ಬಗ್ಗೆ ಅಮ್ಮನದೊಂದು ದೂರು ಇತ್ತು. ಪಕ್ಕದ ಕೋಣೆಯಲ್ಲಿ ಮಲಗುತ್ತಾರೆ. “ಏನೋ ಅದು, ಘಳಿಗೆಗೊಂದು ಸಲ ಮಿಕ್ಸಿ ಹಾಕಿದ ಹಾಗೆ” ಅನ್ನುತ್ತಿದ್ದರು. ಸದ್ದಿಗಿಂತ ಅದು ಏರಿಳಿಯುವುದೇ ನಿದ್ದೆ ಕೆಡಿಸುತ್ತದೆ. ಬಯಾಸ್‌ನ ಫ್ಯಾನ್ ಕರ್ವ್‌ನಲ್ಲಿ (ಎಷ್ಟು ಬಿಸಿಗೆ ಫ್ಯಾನ್ ಎಷ್ಟು ವೇಗ ಎಂಬ ಗೆರೆ) 65 ಡಿಗ್ರಿವರೆಗೆ ಒಂದೇ ವೇಗ, ಅಲ್ಲಿಂದ 80ರವರೆಗೆ ನಿಧಾನದ ಏರು, ಬದಲಾವಣೆಗೆ ಕೆಲವು ಸೆಕೆಂಡ್ ತಡ ಇಟ್ಟೆ. ಆಮೇಲೆ ಅವರು ಏನೂ ಹೇಳಿಲ್ಲ.

ಯುಗಾದಿ ಕಳೆದ ಮೇಲೆ ಓನರ್ ಹತ್ತಿರ ಮಾತಾಡಿ, ನಮ್ಮ ಕೋಣೆಗಳ ಮೇಲಿನಷ್ಟು ತಾರಸಿಗೆ ನಾನೇ ಸುಣ್ಣ ಬಳಿದೆ. ಎರಡು ಕೋಟು, ಒಂದು ಭಾನುವಾರದ ಬೆಳಗು. ಬಿಳಿ ತಾರಸಿ ಬಿಸಿಲನ್ನು ಅಷ್ಟು ಕುಡಿಯುವುದಿಲ್ಲ. ಮುಂದಿನ ವಾರದ ಸಂಜೆಗಳಲ್ಲಿ ಥರ್ಮಾಮೀಟರ್ 31 ದಾಟಲಿಲ್ಲ. ಕಂಪ್ಯೂಟರ್‌ಗೆ ಅಂತ ಶುರು ಮಾಡಿದ ಕೆಲಸದಿಂದ ಅಮ್ಮನ ಕೋಣೆಯೂ ತಣ್ಣಗಾಯಿತು. ಉಳಿದ ಅರ್ಧ ತಾರಸಿಗೆ ಸುಣ್ಣದ ದುಡ್ಡು ತಾವೇ ಕೊಡುವುದಾಗಿ ಓನರ್ ಹೇಳಿದ್ದಾರೆ.

ಕ್ಯಾಬಿನೆಟ್‌ನ ಪಕ್ಕದ ಬಾಗಿಲಿನ ಒಳಗೆ ಒಂದು ಚೀಟಿ ಅಂಟಿಸಿದ್ದೇನೆ: 47, 1.24 ವೋಲ್ಟ್, ಪೇಸ್ಟ್ ಹಾಕಿದ ತಾರೀಕು. ಅದರ ಕೆಳಗೆ ನಿನ್ನೆ ಸಂಜೆ ಏಳೂವರೆಯ ಲೆಕ್ಕ: ಕೋಣೆ 31, ಗೇಮ್‌ನಲ್ಲಿ ಚಿಪ್ 66.